ಅಪ್ಪನ ನೈಟ್ ಶಿಫ್ಟ್

ನಾನು ಬೆಳೆದದ್ದು ಕರೆಂಟ್ ಹೋಗದ ಊರಿನಲ್ಲಿ. ಕಾರವಾರ ತಾಲ್ಲೂಕಿನ ಮಲ್ಲಾಪುರದಲ್ಲಿರುವ ಕೈಗಾ ಟೌನ್‌ಶಿಪ್. ಅಪ್ಪ ಅಣುವಿದ್ಯುತ್ ಸ್ಥಾವರದಲ್ಲಿ ಎಲೆಕ್ಟ್ರಿಕಲ್ ಟೆಕ್ನೀಶಿಯನ್. ಕರೆಂಟ್ ಹೋಗುವುದು ಅಂದರೆ ಏನು ಅಂತ ನನಗೆ ಸರಿಯಾಗಿ ಗೊತ್ತಾಗಿದ್ದು ಇಂಜಿನಿಯರಿಂಗ್ ಓದಲು ಹಾಸ್ಟೆಲ್ ಸೇರಿದ ಮೇಲೆ.

ರಿಟೈರ್ ಆದ ಮೇಲೆ ಅಪ್ಪ ಅಂಕೋಲೆಯಿಂದ ಒಳಗೆ, ಹಿಲ್ಲೂರು ದಾರಿಯಲ್ಲಿರುವ ಅಜ್ಜನ ಜಾಗದಲ್ಲಿ ಮನೆ ಕಟ್ಟಿಸಿದ. ಹಿಂದೆ ಗುಡ್ಡ, ಮುಂದೆ ತೋಟ, ಇವೆರಡರ ನಡುವೆ ಮರಗಳ ಸಂದಿಯಲ್ಲಿ ನುಸುಳಿ ಬರುವ ಕರೆಂಟ್ ಲೈನು. ಗಾಳಿ ಸ್ವಲ್ಪ ಜೋರಾದರೆ ಎಲ್ಲೋ ಒಂದು ಕೊಂಬೆ ತಂತಿಗೆ ಒರಗುತ್ತದೆ, ಮನೆ ಕತ್ತಲಾಗುತ್ತದೆ. ಆ ಮಳೆಯಲ್ಲಿ ಕಂಬ ಹತ್ತುವ ಲೈನ್‌ಮನ್‌ಗಳನ್ನು ನೋಡಿದವರಿಗೆ ಬೈಯುವ ಮನಸ್ಸೂ ಬರುವುದಿಲ್ಲ. ಗುಡ್ಡಸಾಲಿನ ಆಚೆ ಕೈಗಾದಲ್ಲಿ 220 ಮೆಗಾವಾಟ್‌ನ ನಾಲ್ಕು ಘಟಕಗಳಿವೆ. ಅದರಲ್ಲಿ ಮೊದಲನೆಯದು 962 ದಿನ ಒಂದೇ ಸಮನೆ ಓಡಿ, 2018ರ ಡಿಸೆಂಬರ್ 31ರಂದು ವಿಶ್ವದಾಖಲೆಯೊಂದಿಗೆ ನಿಂತಿತು. ನಮ್ಮ ಮನೆಯ ಟ್ಯೂಬ್‌ಲೈಟ್ ಜೂನ್ ತಿಂಗಳಲ್ಲಿ ಒಂಬತ್ತು ತಾಸು ಒಂದೇ ಸಮನೆ ಉರಿದರೆ ಅದೇ ದಾಖಲೆ! ದೀಪದ ಬುಡ ಕತ್ತಲೆ ಅನ್ನುವ ಗಾದೆಯನ್ನು ಯಾರೋ ನಮ್ಮ ಅಂಗಳದಲ್ಲಿ ನಿಂತೇ ಹೇಳಿರಬೇಕು.

2024ರ ಜುಲೈನಲ್ಲಿ ಶಿರೂರಿನ ಗುಡ್ಡ ಹೆದ್ದಾರಿ ಮೇಲೆ ಕುಸಿದ ವಾರ ನೆನಪಿದೆಯಲ್ಲ? ಆ ವಾರ ನಮ್ಮ ಮನೆಯಲ್ಲಿ ಮೂರು ದಿನ ಕರೆಂಟ್ ಇರಲಿಲ್ಲ. ನಾನು ಬೆಂಗಳೂರಿನಲ್ಲಿ, ಫೋನ್ ಸಿಗುತ್ತಿಲ್ಲ. ಆಯಿಗೆ ಸಕ್ಕರೆ ಕಾಯಿಲೆ, ಇನ್ಸುಲಿನ್ ಇರುವುದು ಫ್ರಿಜ್ಜಿನಲ್ಲಿ. ಹಳೇ ಇನ್ವರ್ಟರ್‌ನ 150 ಎಎಚ್ ಲೆಡ್ ಬ್ಯಾಟರಿ ಎರಡು ಫ್ಯಾನು, ನಾಲ್ಕು ಲೈಟಿಗೆ ಸೈ, ಫ್ರಿಜ್ ಹಾಕಿದರೆ ಕೂಗಿ ಮಲಗುತ್ತದೆ. ಆಯಿ ಮಣ್ಣಿನ ಕೊಡಕ್ಕೆ ಒದ್ದೆ ಬಟ್ಟೆ ಸುತ್ತಿ ಇನ್ಸುಲಿನ್ ಅದರಲ್ಲಿ ಇಟ್ಟಿದ್ದಳಂತೆ. ನಾಲ್ಕನೇ ದಿನ ಫೋನಿನಲ್ಲಿ ನಗುತ್ತ ಹೇಳಿದಳು. ನನಗೆ ನಗು ಬರಲಿಲ್ಲ.

ಸೋಲಾರ್ ಹಾಕಿಸೋಣ ಅಂದುಕೊಂಡಾಗ ಮೊದಲು ಗೊತ್ತಾದ ವಿಷಯ, ಬಹಳ ಜನಕ್ಕೆ ಗೊತ್ತಿರದ್ದು: ಈಗ ಸಬ್ಸಿಡಿಯಲ್ಲಿ ಹೆಚ್ಚಾಗಿ ಹಾಕುವ ಆನ್-ಗ್ರಿಡ್ ಸೋಲಾರ್, ಲೈನ್ ಹೋದರೆ ತಾನೂ ನಿಲ್ಲುತ್ತದೆ. ಬಿಸಿಲು ಸುಡುತ್ತಿದ್ದರೂ ಸರಿಯೇ. ಅದು ದೋಷವಲ್ಲ. ನಮ್ಮ ಛಾವಣಿಯ ಕರೆಂಟ್ ವಾಪಸ್ ಲೈನಿಗೆ ಹರಿದು ಕಂಬದ ಮೇಲಿರುವ ಮನುಷ್ಯನಿಗೆ ಹೊಡೆಯಬಾರದು ಅನ್ನುವುದಕ್ಕೇ ಹಾಗೆ ಮಾಡಿದ್ದು. ಗೃಹಜ್ಯೋತಿಯಿಂದ ನಮ್ಮ ಬಿಲ್ ಹೇಗೂ ಸೊನ್ನೆ, ಹಾಗಾಗಿ ದುಡ್ಡು ಉಳಿಸುವ ಲೆಕ್ಕವೂ ಇಲ್ಲ. ನಮಗೆ ಬೇಕಿದ್ದದ್ದು ಕರೆಂಟ್ ಕೂಡಿಡುವ ಪೆಟ್ಟಿಗೆ. ಅಂಕೋಲೆಯ ಮಳೆಗಾಲದಲ್ಲಿ ಪ್ಯಾನೆಲ್ಲಿನಿಂದ ಬರುವುದು ಪುಡಿಗಾಸು. ಆಗ ಲೈನ್ ಇದ್ದಷ್ಟು ಹೊತ್ತು ಲೈನಿನಿಂದಲೇ ತುಂಬಿಸಿಟ್ಟುಕೊಳ್ಳಬೇಕು, ಬಿಸಿಲಿನ ಕೆಲಸ ದೀಪಾವಳಿ ನಂತರ.

ರೆಡಿಮೇಡ್ ಲಿಥಿಯಂ ಬ್ಯಾಟರಿಯ ರೇಟ್ ಕೇಳಿ ಎದೆ ಝಲ್ ಅಂತು. ಸೆಲ್ ಬಿಡಿಬಿಡಿಯಾಗಿ ತಂದು ನಾನೇ ಜೋಡಿಸಿದರೆ ಹತ್ತಿರ ಹತ್ತಿರ ಅರ್ಧಕ್ಕೆ ಆಗುತ್ತಿತ್ತು. ಆರಿಸಿದ್ದು ಎಲ್‌ಎಫ್‌ಪಿ, ಅಂದರೆ ಲಿಥಿಯಂ ಐರನ್ ಫಾಸ್ಫೇಟ್. ಬಿಸಿಯಾದರೂ ಆಮ್ಲಜನಕವನ್ನು ಸುಲಭಕ್ಕೆ ಬಿಟ್ಟುಕೊಡದ ಜಾತಿ, ಮನೆಯೊಳಗಿಡಲು ಇದ್ದುದರಲ್ಲಿ ವಾಸಿ. ಈ ವಸ್ತುವನ್ನು ಬ್ಯಾಟರಿಗೆ ಬಳಸಬಹುದು ಅಂತ ತೋರಿಸಿದ 1997ರ ಪ್ರಬಂಧದಲ್ಲಿ ಮೂರು ಹೆಸರಿವೆ: ಪಾಧಿ, ನಂಜುಂಡಸ್ವಾಮಿ, ಗುಡ್‌ಇನಫ್. ಕೊನೆಯವರಿಗೆ 2019ರಲ್ಲಿ, ಲಿಥಿಯಂ ಬ್ಯಾಟರಿ ಕೆಲಸಕ್ಕಾಗಿ, ಇನ್ನಿಬ್ಬರ ಜೊತೆ ನೊಬೆಲ್ ಬಂತು. ನನ್ನ ಕಣ್ಣು ಮಾತ್ರ ನಡುವಿನ ಹೆಸರಿನಲ್ಲೇ ನಿಂತಿತ್ತು. ಓದಿದ ಕೂಡಲೇ ನಂಜನಗೂಡು ನೆನಪಾಗುವ ಹೆಸರು!

ಒಂದು ಸೆಲ್ 3.2 ವೋಲ್ಟ್, 280 ಎಎಚ್. ಎಂಟನ್ನು ಸಾಲಾಗಿ ಜೋಡಿಸಿದರೆ ಸುಮಾರು ಏಳು ಯೂನಿಟ್ ಹಿಡಿಯುತ್ತದೆ. ಫ್ರಿಜ್, ಫ್ಯಾನು, ಲೈಟು, ವೈಫೈಗೆ ಎರಡು ರಾತ್ರಿ ಧಾರಾಳ. ಆನ್‌ಲೈನ್‌ನಲ್ಲಿ ಹುಡುಕಿದೆ. ಒಂದು ಕಡೆ ಸೆಲ್ಲಿಗೆ 6,700, ಇನ್ನೊಂದು ಕಡೆ 5,200. ಎರಡೂ ಕಡೆ ‘ಎ ಗ್ರೇಡ್, ಹೊಚ್ಚ ಹೊಸದು’ ಅಂತಲೇ ಬರೆದಿತ್ತು. ಕಡಿಮೆಯವನ ಹತ್ತಿರ ನಾಲ್ಕೂವರೆ ಸ್ಟಾರ್ ಬೇರೆ. ಎಂಟಕ್ಕೆ ಹನ್ನೆರಡು ಸಾವಿರ ಉಳಿತಾಯ. ನಾನು ಸಾಫ್ಟ್‌ವೇರ್‌ನವನು, ಸ್ಟಾರ್ ನೋಡಿ ಒತ್ತುವ ಜಾತಿ. ಒತ್ತಿದೆ.

ಲಿಥಿಯಂ ಸೆಲ್‌ಗಳ ಪಾರ್ಸೆಲ್ಲನ್ನು ಪ್ರಯಾಣಿಕರ ವಿಮಾನದಲ್ಲಿ ಹಾಕುವಂತಿಲ್ಲ, ಹಾಗಾಗಿ ಲಾರಿಯಲ್ಲಿ ಹನ್ನೊಂದು ದಿನ ಬಂತು. ಕೊರಿಯರ್‌ನವರು ಹಿಲ್ಲೂರು ದಾರಿಗೆ ಬರುವುದಿಲ್ಲ, ಅಂಕೋಲೆಗೇ ಹೋಗಿ ಎತ್ತಿಕೊಂಡು ಬರಬೇಕಾಯಿತು. ಒಂದೊಂದು ಸೆಲ್ ಐದು ಕೆಜಿಗಿಂತ ಜಾಸ್ತಿ. ನೀಲಿ ಪ್ಲಾಸ್ಟಿಕ್ ಸುತ್ತಿದ ಎಂಟು ಇಟ್ಟಿಗೆಗಳನ್ನು ಜಗಲಿಯಲ್ಲಿ ಸಾಲಾಗಿ ಇಟ್ಟು, ಮಲ್ಟಿಮೀಟರ್ ತಾಗಿಸಿದೆ. ಎಲ್ಲವೂ 3.29, 3.30. ಅಪ್ಪನ ಕಡೆ ತಿರುಗಿ, “ನೋಡಪ್ಪ, ಎಂಟೂ ಒಂದೇ ಲೆವೆಲ್” ಅಂದೆ. ನನ್ನ ದನಿಯಲ್ಲಿ ಸ್ವಲ್ಪ ಜಂಬ ಇತ್ತು ಅಂತ ಆಯಿ ಆಮೇಲೆ ಹೇಳಿದಳು.

ಅಪ್ಪ ಕನ್ನಡಕ ಏರಿಸಿದ. “ತಮಾ, ಇದನ್ನ ಟೆಸ್ಟ್ ಮಾಡಿದವ್ರು ಯಾರು?”

“ಸೆಲ್ಲರ್ ಮಾಡಿರ್ತಾನೆ. ರಿಪೋರ್ಟ್ ಕಳಿಸಿದಾನೆ.”

“ಮಾರೂವವನೇ ಪರೀಕ್ಷೆ ಮಾಡಿ, ಮಾರೂವವನೇ ಮಾರ್ಕ್ಸ್ ಕೊಟ್ಟನಾ?”

ಆಮೇಲೆ ಅಪ್ಪ ಹೇಳಿದ್ದನ್ನು ಇಷ್ಟು ವರ್ಷ ನಾನು ಕೇಳಿಯೇ ಇರಲಿಲ್ಲ. ಕರೆಂಟ್ ಹುಟ್ಟುವ ಮನೆಗೂ ಬ್ಯಾಟರಿ ಬೇಕು. ಹೊರಗಿನ ಲೈನ್ ಸತ್ತರೆ ಡೀಸೆಲ್ ಜನರೇಟರ್ ಎಚ್ಚರಾಗಬೇಕು, ಅದು ಎಚ್ಚರಾಗುವವರೆಗೂ ಕಂಟ್ರೋಲ್ ರೂಮಿನ ಕಣ್ಣು ಕಿವಿ ಮುಚ್ಚದಂತೆ ಹಿಡಿಯುವುದು ಸಾಲು ಸಾಲು ಲೆಡ್ ಬ್ಯಾಟರಿ. 2011ರಲ್ಲಿ ಫುಕುಶಿಮಾದಲ್ಲಿ ಸುನಾಮಿ ನೀರು ಜನರೇಟರಿಗೂ ಬ್ಯಾಟರಿಗೂ ನುಗ್ಗಿದ್ದೇ ದೊಡ್ಡ ಅನಾಹುತಕ್ಕೆ ದಾರಿ. “ಬ್ಯಾಟರಿ ಅಂದ್ರೆ ವೋಲ್ಟ್ ನೋಡೂದಲ್ಲ. ಲೋಡ್ ಹಾಕಿ ಖಾಲಿ ಆಗೂವರೆಗೆ ಕೂತು ನೋಡೂದು. ಎಷ್ಟು ತಾಸು ತಡೀತು ಅಂತ ಬರೆಯೂದು. ಅಷ್ಟೇ ಸತ್ಯ.”

ಅಪ್ಪನ ಮಾತು ಲೆಡ್‌ಗಿಂತ ಈ ಸೆಲ್ಲಿಗೆ ಇನ್ನೂ ಹೆಚ್ಚು ನಿಜ ಅಂತ ನಾನು ಓದಿಯೂ ಇದ್ದೆ, ಆತುರದಲ್ಲಿ ಮರೆತಿದ್ದೆ. ಎಲ್‌ಎಫ್‌ಪಿ ವೋಲ್ಟೇಜ್ ತುಂಬಿದ ಹೊಟ್ಟೆಯಲ್ಲೂ ಅರೆಹೊಟ್ಟೆಯಲ್ಲೂ ಹೆಚ್ಚುಕಮ್ಮಿ ಒಂದೇ. 3.30 ಅನ್ನುವ ಸಂಖ್ಯೆ ಹೊಸ ಸೆಲ್ಲಿನಲ್ಲೂ ಬರುತ್ತದೆ, ನಾಲ್ಕು ವರ್ಷ ದುಡಿದು ಸೊರಗಿದ ಸೆಲ್ಲಿನಲ್ಲೂ ಬರುತ್ತದೆ. 3.65ವರೆಗೆ ತುಂಬಿಸಿ, 2.5ವರೆಗೆ ಇಳಿಸಿ, ಎಷ್ಟು ಎಎಚ್ ಹೊರಬಂತು ಅಂತ ಎಣಿಸಿದರೆ ಮಾತ್ರ ಬಣ್ಣ ಬಯಲು.

ಟೆಸ್ಟ್ ಮಾಡುವ ಯಂತ್ರ ನನ್ನ ಹತ್ತಿರ ಇತ್ತು, 40 ಆಂಪಿಯರ್‌ನದು. ಒಂದು ಸೆಲ್ ತುಂಬಿಸಲು ನಾಲ್ಕೈದು ತಾಸು, ಇಳಿಸಲು ಏಳು ತಾಸು. ಎಂಟು ಸೆಲ್ಲಿಗೆ ಹಗಲು ರಾತ್ರಿ ಸೇರಿ ನಾಲ್ಕು ದಿನ, ಕರೆಂಟ್ ಹೋಗದಿದ್ದರೆ. ವಾಪಸ್ ಮಾಡುವ ಅವಧಿ ಏಳು ದಿನ. ಮೇ ತಿಂಗಳ ಕೊನೆ, ಸಂಜೆಯಾದರೆ ಗುಡುಗು. ಹಗಲು ನಾನು ಆಫೀಸ್ ಕಾಲ್‌ಗಳ ನಡುವೆ ನೋಡಿಕೊಳ್ಳುವುದು, ರಾತ್ರಿ ಅಪ್ಪ. ಆಯಿ ಇಬ್ಬರಿಗೂ ಹುಚ್ಚು ಅಂದಳು.

ಅಪ್ಪ ಹಳೇ ಡೈರಿಯೊಂದನ್ನು ತೆಗೆದು ಸ್ಕೇಲಿನಲ್ಲಿ ಗೆರೆ ಎಳೆದ. ಸಮಯ, ವೋಲ್ಟ್, ಆಂಪಿಯರ್, ಕೈಗೆ ಬಿಸಿ ತಾಗುತ್ತದೋ ಇಲ್ಲವೋ. ಅರ್ಧ ತಾಸಿಗೊಮ್ಮೆ ಒಂದು ಸಾಲು. ನನ್ನ ಬೆರಳಿನ ಉಂಗುರ ಮೊದಲು ತೆಗೆಸಿದ: ಈ ಸೆಲ್ಲಿನ ಎರಡು ತಲೆಗೆ ಲೋಹ ತಾಗಿದರೆ ಸಾವಿರಗಟ್ಟಲೆ ಆಂಪಿಯರ್ ಹರಿಯುತ್ತದೆ, ಉಂಗುರದ ಜೊತೆ ಬೆರಳೂ ಹೋಗುತ್ತದೆ. ಸ್ಪ್ಯಾನರಿಗೆ ಟೇಪ್ ಸುತ್ತಿದ. ರಾತ್ರಿ ಎರಡಕ್ಕೆ ನೀರು ಕುಡಿಯಲು ಎದ್ದರೆ, ಜಗಲಿಯಲ್ಲಿ ಯಂತ್ರದ ಫ್ಯಾನು ಸುಂಯ್ ಅಂತಿದೆ, ಅಪ್ಪ ಮಡಿಲಲ್ಲಿ ಡೈರಿ ಇಟ್ಟುಕೊಂಡು ಕೂತಿದ್ದಾನೆ. ಸಣ್ಣವನಿದ್ದಾಗ ಅಪ್ಪನ ನೈಟ್ ಶಿಫ್ಟ್ ಅಂದರೆ ಬೆಳಿಗ್ಗೆ ಮನೆಯಲ್ಲಿ ಗಲಾಟೆ ಮಾಡಬಾರದು ಅಂತಷ್ಟೇ ಗೊತ್ತಿತ್ತು. ಆ ರಾತ್ರಿಗಳಲ್ಲಿ ಅಪ್ಪ ಏನು ಮಾಡುತ್ತಿದ್ದ ಅಂತ ನೋಡಿದ್ದು ಈಗಲೇ.

ಎರಡು ಸಲ ಕರೆಂಟ್ ಹೋಗಿ ಟೆಸ್ಟ್ ಮೊದಲಿನಿಂದ ಶುರು ಮಾಡಬೇಕಾಯಿತು. ಆರನೇ ದಿನ ಮಧ್ಯಾಹ್ನಕ್ಕೆ ಮುಗಿಯಿತು. ಆರು ಸೆಲ್ 276ರಿಂದ 283ರ ಒಳಗೆ. ಒಂದು 219. ಇನ್ನೊಂದು 207.

ಸಾಲಾಗಿ ಜೋಡಿಸಿದ ಸೆಲ್‌ಗಳು ಕೈ ಕೈ ಹಿಡಿದು ನಡೆಯುವ ಮಕ್ಕಳ ಹಾಗೆ, ಹಿಂದೆ ಬಿದ್ದವನು ಸುಸ್ತಾದರೆ ಎಲ್ಲರೂ ನಿಲ್ಲಬೇಕು. ಆ 207ರದು ಖಾಲಿಯಾದ ಕೂಡಲೇ ಬಿಎಂಎಸ್, ಅಂದರೆ ಕಾವಲಿನ ಸರ್ಕ್ಯೂಟ್, ಇಡೀ ಬ್ಯಾಟರಿ ಮುಚ್ಚುತ್ತದೆ. ಉಳಿದ ಆರರಲ್ಲಿ ಕಾಲು ಭಾಗ ಕರೆಂಟ್ ಇದ್ದೂ ಇಲ್ಲದ ಹಾಗೆ. ಎರಡು ಸೆಲ್ ಕೆಟ್ಟದ್ದಲ್ಲ, ನಾನು ಎಂಟೂ 207ರ ಸೆಲ್ ಕೊಂಡ ಲೆಕ್ಕ.

ಸಂಶಯ ಬಂದು ಮೇಲಿನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದೆ. ಚೀನಾದ ಸೆಲ್‌ಗಳ ಮೇಲೆ 24 ಅಕ್ಷರದ ಒಂದು ಜಾತಕ ಇರುತ್ತದೆ, ಅದರ ನಡುವಿನ ಮೂರು ಅಕ್ಷರ ಹುಟ್ಟಿದ ವರ್ಷ, ತಿಂಗಳು, ದಿನ. 2020ಕ್ಕೆ ‘ಎ’, 2021ಕ್ಕೆ ‘ಬಿ’, ಹೀಗೆ. ಆರು ಸೆಲ್ ‘ಇ’, ಅಂದರೆ 2024. ಆ ಎರಡು ‘ಬಿ’. ತಲೆಯ ಅಲ್ಯೂಮಿನಿಯಂ ಭೂತಗನ್ನಡಿಯಲ್ಲಿ ನೋಡಿದರೆ ಹಳೇ ವೆಲ್ಡಿಂಗ್ ಉಜ್ಜಿ ತೆಗೆದ ಗೀರು. ಎಲ್ಲೋ ದುಡಿದು ಬಂದವಕ್ಕೆ ಹೊಸ ನೀಲಿ ಅಂಗಿ ತೊಡಿಸಿದ್ದರು. ಈ ಕೋಡ್ ಕೂಡ ಉಜ್ಜಿ ಹೊಸದು ಕೆತ್ತುವವರಿದ್ದಾರೆ, ಹಾಗಾಗಿ ಜಾತಕ ನೋಡಿ ಮದುವೆ ಮಾಡಬೇಡಿ.

ಸೆಲ್ಲರ್ ಮೊದಲು “ವೋಲ್ಟೇಜ್ ಸರಿ ಇದೆಯಲ್ಲ ಸಾರ್” ಅಂದ. ಆಮೇಲೆ ನಿಮ್ಮ ಯಂತ್ರ ಸರಿ ಇಲ್ಲ ಅಂದ. ಅದೇ ಯಂತ್ರ ಉಳಿದ ಆರಕ್ಕೆ 280 ತೋರಿಸಿದ್ದು ಹೇಗೆ ಅಂತ ಕೇಳಿ, ಅಪ್ಪನ ಡೈರಿಯ ಹನ್ನೊಂದು ಪುಟದ ಫೋಟೋ ಕಳಿಸಿದೆ. ಎರಡು ದಿನ ಸುದ್ದಿ ಇಲ್ಲ. ನಂತರ ಎರಡು ಸೆಲ್ಲಿನ ಹಣ ಬಂತು, ಸಾಗಣೆ ಖರ್ಚು ಕಳೆದು. ಅವನ್ನು ವಾಪಸ್ ಕಳಿಸಿ ಅಂತ ಕೇಳಲೂ ಇಲ್ಲ, ಕೇಳಿದ್ದರೂ ಅಂಕೋಲೆಯಲ್ಲಿ ಲಿಥಿಯಂ ಅಂದರೆ ಕೊರಿಯರ್‌ನವರು ಮುಟ್ಟುವುದಿಲ್ಲ. ಡೈರಿ ಇಲ್ಲದಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಲು ಹೋಗಿಲ್ಲ.

ಬದಲಿಗೆ ಎರಡು ಸೆಲ್ ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯೊಂದರಲ್ಲಿ ಕೊಂಡೆ. ಒಂದಕ್ಕೆ 6,700, ಆನ್‌ಲೈನ್‌ನಲ್ಲಿ ನಾನು ಬಿಟ್ಟುಬಂದ ಅದೇ ರೇಟು. ಅಂಗಡಿಯವರು ನನ್ನ ಮುಂದೆಯೇ ಟೆಸ್ಟಿಗೆ ಹಾಕಿ, ಸಂಜೆ ಬನ್ನಿ ಅಂದರು. ಸಂಜೆ ಹೋದರೆ 281 ಮತ್ತು 280. ಆ ಹದಿನೈದು ನೂರು ಹೆಚ್ಚು ಕೊಡುವುದು ಸೆಲ್ಲಿಗಲ್ಲ, ಏಳು ತಾಸು ಕಾದು ಕೂತವರಿಗೆ.

ಜೋಡಿಸುವಾಗ ಅಪ್ಪ ಇನ್ನೊಂದು ಪ್ರಶ್ನೆ ಕೇಳಿದ. ಲೆಡ್ ಬ್ಯಾಟರಿ ಕೆಟ್ಟರೆ ಅಂಕೋಲೆಯಿಂದ ಯಾರಾದರೂ ಬರುತ್ತಾರೆ. “ಇದು ಕೆಟ್ರೆ, ನೀ ಇಲ್ದಾಗ ಯಾರನ್ನ ಕರೆಯೂದು?” ನನ್ನ ಹತ್ತಿರ ಉತ್ತರ ಇರಲಿಲ್ಲ. ಎಲ್ಲ ಮೊಬೈಲ್ ಆ್ಯಪ್‌ನಲ್ಲಿ ಕಾಣುವ ಹಾಗೆ ಮಾಡಿ ಬೆಂಗಳೂರಿನಿಂದ ನೋಡಿಕೊಳ್ಳುತ್ತೇನೆ ಅಂತ ಲೆಕ್ಕ ಹಾಕಿದ್ದೆ. ಮಳೆಯಲ್ಲಿ ನೆಟ್‌ವರ್ಕೇ ಇರುವುದಿಲ್ಲವಲ್ಲ! ಹಾಗಾಗಿ ಹಳೇ ಇನ್ವರ್ಟರ್ ತೆಗೆಯಲಿಲ್ಲ, ನಡುವೆ ಒಂದು ಚೇಂಜ್‌ಓವರ್ ಸ್ವಿಚ್ ಹಾಕಿದೆ. ಕೈಯಲ್ಲಿ ತಿರುಗಿಸಿದರೆ ಮನೆ ಲೆಡ್‌ಗೆ ಬರುತ್ತದೆ. ಬ್ಯಾಟರಿಗೆ ಸರಿಯಾದ ಡಿಸಿ ಫ್ಯೂಸ್ ಹಾಕಿ, ಮಲಗುವ ಕೋಣೆಯಿಂದ ದೂರ, ಹಿಂದಿನ ಸಿಮೆಂಟ್ ಗೋಡೆಯ ಸಾಮಾನು ಕೋಣೆಯಲ್ಲಿ ಇಟ್ಟೆವು. ಪಕ್ಕದಲ್ಲಿ ಆಯಿಯ ಕೈಬರಹದ ಒಂದು ಹಾಳೆ: ಬೀಪ್ ಬಂದರೆ ಏನು, ವಾಸನೆ ಬಂದರೆ ಏನು, ಯಾವ ಸ್ವಿಚ್ ಮೊದಲು.

ಜೂನ್ ಎರಡನೇ ವಾರ ರಾತ್ರಿ ವಾಟ್ಸ್ಆ್ಯಪ್‌ನಲ್ಲಿ ಡೈರಿಯ ಪುಟದ ಫೋಟೋ ಬಂತು. “22:40. ಲೈನ್ ಹೋಯ್ತು. 26.4 ವೋಲ್ಟ್. ಫ್ರಿಜ್ ಚಾಲೂ.” ಬೆಳಿಗ್ಗೆ ಇನ್ನೊಂದು: “06:10. ಲೈನ್ ಇಲ್ಲ. 26.2. ಆಯಿ ಬೇಡ ಅಂದ್ರೂ ಮಿಕ್ಸರ್ ಹಾಕಿದಳು.”