ಎಸ್‌ಒಎಸ್ ಮಿನುಗುವ ಸೈಕಲ್ ದೀಪ

ಹೈದರಾಬಾದಿನ ಕೋಠಿಯಲ್ಲಿರುವ ಗುಜರಾತಿ ಗಲ್ಲಿಗೆ ಹೋದರೆ ಸೈಕಲ್ ದೀಪಕ್ಕೆ ಬೇಕಾದ ಎಲ್‌ಇಡಿ, ಲೆನ್ಸು, ಬ್ಯಾಟರಿ, ಎಂಟು ಕಾಲಿನ ಪುಟ್ಟ ಮೈಕ್ರೊಕಂಟ್ರೋಲರ್ ಎಲ್ಲ ಕೊಂಡು ತರಬಹುದು. ಬೆಸುಗೆ ಹಾಕಲು ಬಲ್ಲವನಿಗೆ ಒಂದು ಭಾನುವಾರದ ಕೆಲಸ. ಆದರೆ ದೀಪ ಸಿದ್ಧವಾದ ಮೇಲೆ ಆ ಚಿಪ್ಪಿನಿಂದ ಮಾಡಿಸುವುದೇನು? ಮಿನುಗಾಟ. ನಿಧಾನಕ್ಕೆ, ಜೋರಾಗಿ, ಕಣ್ಣು ಕುಕ್ಕುವಂತೆ, ಕೊನೆಗೊಂದು ಎಸ್‌ಒಎಸ್. ಕೋಠಿಯಿಂದ ಮೆಹದಿಪಟ್ನಂಗೆ ಹೊರಟವನು ಮುಳುಗುವ ಹಡಗಿನಲ್ಲೇನೂ ಕೂತಿಲ್ಲವಲ್ಲ!

ಚಿಪ್ಪೇ ಬೇಡ, ಒಂದು ರೆಸಿಸ್ಟರ್ ಸಾಕು ಎನ್ನುವವರಿದ್ದಾರೆ. ಅವರ ಸಿಟ್ಟು ಸರಿ, ತೀರ್ಮಾನ ತಪ್ಪು. ಲಿಥಿಯಂ ಸೆಲ್ ತುಂಬಿದಾಗ 4.2 ವೋಲ್ಟ್ ಇರುತ್ತದೆ, ಬಳಸಿದಂತೆ ಇಳಿಯುತ್ತದೆ. ರೆಸಿಸ್ಟರ್ ಮಾತ್ರ ಇದ್ದರೆ ಬೆಳಕೂ ಅದರ ಜೊತೆಗೇ ಇಳಿಯುತ್ತದೆ. ಕಣ್ಣು ಕತ್ತಲೆಗೆ ಹೊಂದಿಕೊಳ್ಳುತ್ತ ಹೋಗುವುದರಿಂದ ಸವಾರನಿಗೆ ಅದು ತಿಳಿಯುವುದೇ ಇಲ್ಲ, ರಸ್ತೆಯ ಗುಂಡಿ ತಿಳಿಸಬೇಕು. 3 ವೋಲ್ಟಿಗಿಂತ ತೀರಾ ಕೆಳಗೆ ಹೋದರೆ ಸೆಲ್ಲೂ ಕೆಡುತ್ತದೆ.

ಎಟಿಟೈನಿ13 ಎಂಬ ಚಿಪ್ಪಿನಲ್ಲಿ ಪ್ರೋಗ್ರಾಮಿಗೆ ಇರುವ ಜಾಗ 1 ಕಿಲೋಬೈಟ್. ಅಷ್ಟರಲ್ಲೇ ಅದು ಬ್ಯಾಟರಿಯ ವೋಲ್ಟೇಜ್ ಅಳೆಯಬಲ್ಲದು, ಮಾಸ್‌ಫೆಟ್ ಮೂಲಕ ಎಲ್‌ಇಡಿಯನ್ನು ಸೆಕೆಂಡಿಗೆ ಸಾವಿರಾರು ಸಲ ಹಚ್ಚಿ ಆರಿಸಿ ಬೆಳಕನ್ನು ಹದಕ್ಕೆ ತರಬಲ್ಲದು. 3.3 ವೋಲ್ಟಿಗೆ ಬಂದಾಗ ಎರಡು ಸಲ ಕಣ್ಣು ಮಿಟುಕಿಸಿ, ಬೆಳಕನ್ನು ಕಾಲುಭಾಗಕ್ಕೆ ಇಳಿಸಿ, ಮನೆ ಮುಟ್ಟುವವರೆಗೆ ಉರಿಸು ಎಂದು ಬರೆದರೆ ಅದು ಉಪಕಾರ. ಗುಂಡಿ ಒತ್ತಿದ ಕೂಡಲೇ ಸ್ಥಿರವಾದ ಬೆಳಕೇ ಬರಲಿ, ಮಿನುಗಾಟಗಳ ಪ್ರದಕ್ಷಿಣೆ ಮುಗಿಸಿ ಅಲ್ಲಿಗೆ ತಲುಪುವಂತಿರಬಾರದು. ಹಿಂದಿನ ಕೆಂಪು ದೀಪ ಬೇಕಾದರೆ ಮೆಲ್ಲಗೆ ಏರಿಳಿಯಲಿ, ಪೂರ್ತಿ ಆರದಿರಲಿ. ಆರುತ್ತ ಹತ್ತುತ್ತ ಇರುವ ಬೆಳಕು ಎಷ್ಟು ದೂರದಲ್ಲಿದೆ ಎಂದು ಹಿಂದಿನವನಿಗೆ ಅಂದಾಜು ಸಿಗುವುದು ಕಷ್ಟ. ಜರ್ಮನಿಯಲ್ಲಂತೂ ಸೈಕಲ್ಲಿನ ಮೇಲೆ ಮಿನುಗುವ ದೀಪ ಹಾಕುವುದಕ್ಕೆ ಕಾನೂನು ಒಪ್ಪುವುದಿಲ್ಲ.

ಇದನ್ನೆಲ್ಲ ಹವ್ಯಾಸಿಗಳ ಜಗಳ ಎಂದು ತಳ್ಳಿಹಾಕುವವರು ರಾತ್ರಿ ಸೈಕಲ್ ತುಳಿಯುವವರು ಯಾರು ಎಂದು ನೋಡಬೇಕು. 2023ರಲ್ಲಿ ಹೈದರಾಬಾದಿನ ಹೊರವರ್ತುಲ ರಸ್ತೆಯ ಪಕ್ಕ ಸೌರಫಲಕಗಳ ಚಾವಣಿಯಿರುವ 23 ಕಿಲೋಮೀಟರ್ ಸೈಕಲ್ ಹಾದಿ ತೆರೆಯಿತು. ಚೆನ್ನಾಗಿದೆ, ಆದರೆ ಪಾಳಿ ಮುಗಿಸಿ ಹೊರಡುವ ಕಾವಲುಗಾರನ ಮನೆ ಆ ಹಾದಿಯಲ್ಲಿಲ್ಲ. 2021ರಲ್ಲಿ ಇದೇ ಊರಿನಲ್ಲಿ ಮಳೆಯಲ್ಲಿ ಸೈಕಲ್ ತುಳಿದು ಬಂದು ಚಹಾ ತಲುಪಿಸಿದ ಯುವಕನಿಗೆ ಜನ ಚಂದಾ ಎತ್ತಿ ಮೋಟಾರು ಗಾಡಿ ಕೊಡಿಸಿದರು. ಒಳ್ಳೆಯ ಮನಸ್ಸು. ಆದರೆ ಸೈಕಲ್ಲಿನಲ್ಲೇ ಉಳಿದವರು? ದೀಪವಿಲ್ಲದ ಸೈಕಲ್ಲನ್ನು ಪೊಲೀಸರು ಹಿಡಿಯುತ್ತಿದ್ದ ಕಾಲವೊಂದಿತ್ತು. ಈಗ ಯಾರೂ ಕೇಳುವುದೂ ಇಲ್ಲ.

ಅಂಥವರಿಗೆ ಮಾಡಿಕೊಡುವ ದೀಪದಲ್ಲಿ ಚಿಪ್ಪಿನ ಕೈಯಲ್ಲಿ ಆಗದ ಕೆಲಸವೂ ಒಂದಿದೆ. ಟಾರ್ಚಿನ ದುಂಡು ಬೆಳಕು ಅರ್ಧ ನೆಲಕ್ಕೆ, ಅರ್ಧ ಎದುರಿಗೆ ಬರುವವರ ಕಣ್ಣಿಗೆ. ಅದನ್ನು ತಡೆಯಲು ಲೆನ್ಸಿನ ಮೇಲ್ಗಡೆ ಒಂದು ತಗಡಿನ ಚೂರು ಬೇಕು, ದೀಪವನ್ನು ನೆಲದ ಕಡೆಗೆ ಬಾಗಿಸಿ ಬಿಗಿಯಲು ಒಂದು ಸ್ಕ್ರೂ ಬೇಕು.