ಮುಧೋಳದ ನಾಯಿಯೂ ಮುಂಬಯಿಯ ಮನೆಯೂ

ನಾಯಿಯನ್ನು ಹಣಕೊಟ್ಟು ಕೊಳ್ಳುವುದಕ್ಕಿಂತ, ಯಾರೋ ಕೈಬಿಟ್ಟ ನಾಯಿಯನ್ನು ಆಶ್ರಯಧಾಮದಿಂದ ಮನೆಗೆ ಕರೆತರುವುದು ಮೇಲೆಂಬ ವಿಚಾರವು ನಮ್ಮ ವಿದ್ಯಾರ್ಥಿಗಳ ಮನೆಗಳಲ್ಲಿಯೂ ಈಚೆಗೆ ಕೇಳಿಬರುತ್ತಿರುವುದು ಸಂತೋಷದ ಸಂಗತಿ. ಪರೇಲಿನಲ್ಲಿ 1880ರ ದಶಕದಷ್ಟು ಹಿಂದೆಯೇ ಪ್ರಾಣಿಗಳಿಗಾಗಿ ಆಸ್ಪತ್ರೆ ತೆರೆದ ನಗರವಿದು. ಇಲ್ಲಿ ಭೂತದಯೆ ಹೊಸತಲ್ಲ. ಆದರೆ ಆ ದಯೆಯು ಬೇಟೆಯ ತಳಿಯೊಂದರ ಕಡೆಗೆ ಹರಿಯುವಾಗ ಅದರ ಜೊತೆಗೆ ತುಸು ಲೆಕ್ಕಾಚಾರವೂ ಇರಬೇಕೆಂದು ನಮ್ಮ ಅಭಿಪ್ರಾಯ. ಮುಧೋಳದ ನಾಯಿಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ.

ಮುಧೋಳವೆಂದೊಡನೆ ಕನ್ನಡ ಪಂಡಿತರಿಗೆ ರನ್ನ ನೆನಪಾಗುತ್ತಾನೆ. ಉಳಿದ ಭಾರತಕ್ಕೆ ನಾಯಿ ನೆನಪಾಗುತ್ತದೆ! ಅದೂ ನ್ಯಾಯವೇ. ಸಂಸ್ಥಾನದ ಅರಸರಾಗಿದ್ದ ಮಾಲೋಜಿರಾವ ಘೋರ್ಪಡೆಯವರು ಈ ತಳಿಯನ್ನು ಪೋಷಿಸಿ, ಐದನೆಯ ಜಾರ್ಜ್ ದೊರೆಗೆ ಕಾಣಿಕೆಯಾಗಿ ಕೊಟ್ಟುದು ಪ್ರಸಿದ್ಧವಾಗಿದೆ. 2005ರಲ್ಲಿ ಅದರ ಚಿತ್ರವುಳ್ಳ ಅಂಚೆಚೀಟಿ ಹೊರಬಂತು. 2016ರಲ್ಲಿ ಭೂಸೇನೆಯು ಮೀರತ್ತಿನ ತನ್ನ ಕೇಂದ್ರದಲ್ಲಿ ಅದಕ್ಕೆ ಶಿಕ್ಷಣ ಕೊಡಲಾರಂಭಿಸಿತು. 2020ರಲ್ಲಿ ಪ್ರಧಾನಮಂತ್ರಿಗಳು ತಮ್ಮ ಆಕಾಶವಾಣಿ ಭಾಷಣದಲ್ಲಿ ಅದರ ಹೆಸರೆತ್ತಿದರು. ಊರಿನ ಅಭಿಮಾನವುಳ್ಳ ನಮ್ಮಂಥವರಿಗೆ ಇದಕ್ಕಿಂತ ಹೆಚ್ಚೇನು ಬೇಕು? ಆದರೆ ನಾಯಿಗೆ ಕೀರ್ತಿಯಿಂದ ಲಾಭವಿಲ್ಲ. ಕೀರ್ತಿಯ ಬೆನ್ನಹಿಂದೆ ಕೊಳ್ಳುವವರು ಬರುತ್ತಾರೆ. ಕೊಂಡವರಲ್ಲಿ ಕೆಲವರು ವರುಷ ತುಂಬುವುದರೊಳಗೆ ಬೇಸತ್ತು ಬಿಟ್ಟುಬಿಡುತ್ತಾರೆ.

ಬಿಡುವುದಕ್ಕೆ ಅವರು ಹೇಳುವ ಕಾರಣಗಳನ್ನು ಗಮನಿಸಿದರೆ ನಾಯಿಯ ತಪ್ಪು ಒಂದೂ ಕಾಣುವುದಿಲ್ಲ. ಇದು ಮೂಸಿ ಹಿಡಿಯುವ ನಾಯಿಯಲ್ಲ, ನೋಡಿ ಅಟ್ಟುವ ನಾಯಿ. ಬಯಲುಸೀಮೆಯಲ್ಲಿ ಮೊಲವು ಎದ್ದೋಡಿದ ಕ್ಷಣದಲ್ಲಿ ಬಾಣದಂತೆ ಹಾರುವುದಕ್ಕಾಗಿಯೇ ತಲೆತಲಾಂತರದಿಂದ ಅದನ್ನು ಆಯ್ದು ಬೆಳೆಸಿದ್ದಾರೆ. ಎರಡಡಿ ಮೀರಿದ ಎತ್ತರ, ನೀಳ ಕಾಲು, ಆಳವಾದ ಎದೆ, ಬೆನ್ನಿಗಂಟಿದ ಹೊಟ್ಟೆ. (ಪಕ್ಕೆಲುಬು ಎಣಿಸಲು ಬರುವಂತಿರುವುದು ಅದರ ಸಹಜ ರೂಪ. ಉಪವಾಸ ಬಿದ್ದಿದೆಯೆಂದು ಮರುಗಿ ತುಪ್ಪದನ್ನ ಇಕ್ಕಬೇಕಾದುದಿಲ್ಲ.) ಅಂಥ ಪ್ರಾಣಿಯು ಓಣಿಯಲ್ಲಿ ಬೆಕ್ಕನ್ನು ಕಂಡು ಹಗ್ಗ ಕಿತ್ತುಕೊಂಡರೆ ಅದನ್ನು ಹಟಮಾರಿಯೆನ್ನಬಹುದೆ? ಒಮ್ಮೆ ಓಟಕ್ಕೆ ಬಿದ್ದರೆ ಯಜಮಾನನ ಕೂಗು ಅದರ ಕಿವಿಗೆ ಬೀಳುವುದಿಲ್ಲ. ಆದುದರಿಂದ ಬೇಲಿಯಿಲ್ಲದ ಜಾಗದಲ್ಲಿ ಅದನ್ನು ಬಿಚ್ಚಿಬಿಡಲಾಗದು. ಅಪರಿಚಿತರು ಮೈದಡವುವುದೂ ಅದಕ್ಕೆ ಸೇರದು.

ಇಷ್ಟು ಓದಿದವರು ಅದು ದಿನವಿಡೀ ಗದ್ದಲ ಮಾಡುವ ಪ್ರಾಣಿಯೆಂದುಕೊಳ್ಳಬಹುದು. ಸಂಗತಿ ಹಾಗಿಲ್ಲ. ಮನದಣಿಯೆ ಓಡಿಬಂದ ಮುಧೋಳದ ನಾಯಿ ಮೂಲೆ ಹಿಡಿದು ತಾಸುಗಟ್ಟಲೆ ಮಲಗುತ್ತದೆ. ಕುರಿ ಕಾಯಲೆಂದು ಬೆಳೆಸಿದ ತಳಿಗಳಿಗೆ, ಜರ್ಮನ್ ಶೆಫರ್ಡಿನಂಥವುಗಳಿಗೆ, ಓಟದ ಜೊತೆಗೆ ಬುದ್ಧಿಗೂ ಕೆಲಸ ಬೇಕು. ಇದಕ್ಕಾದರೋ ಮುಖ್ಯವಾಗಿ ಓಟ ದೊರೆತರೆ ಸಾಕು. ಗಿಡ್ಡ ಕೂದಲಿನದಾದುದರಿಂದ ಇಲ್ಲಿಯ ಸೆಕೆಯನ್ನೂ ತಡೆಯಬಲ್ಲದು. ಹಿಮದ ನಾಡಿನ ಹಸ್ಕಿಯನ್ನು ತಂದು ಮುಂಬಯಿಯ ಮೇ ತಿಂಗಳಲ್ಲಿ ಬೇಯಿಸುವವರನ್ನು ಕಂಡಾಗ ಮುಧೋಳವೇ ವಾಸಿಯೆನ್ನಿಸುತ್ತದೆ.

ಹಾಗಾದರೆ ತೊಡಕು ಎಲ್ಲಿದೆ? ಮುಂಜಾನೆಯ ಒಂದು ಗಂಟೆಯಲ್ಲಿದೆ. ಸಂಜೆಯ ಇನ್ನೊಂದು ಗಂಟೆಯಲ್ಲಿದೆ. ತಂದೆ ಆರೂವರೆಯ ಲೋಕಲ್ ಹಿಡಿಯಬೇಕು. ಮಗನಿಗೆ ಪಾಠ, ಪರೀಕ್ಷೆ. ನಾಯಿ ಬೇಕೆಂದು ಹಟ ಹಿಡಿದವನು ಮಗ, ಒಪ್ಪಿಗೆಯಿತ್ತವನು ತಂದೆ, ಮಳೆಗಾಲದಲ್ಲಿ ಹಗ್ಗ ಹಿಡಿದು ಬೀದಿಗಿಳಿಯುವವಳು ಮಾತ್ರ ತಾಯಿ! ಆಕೆಯ ಬೆಳಗು ಮೊದಲೇ ನೀರು, ಡಬ್ಬಿ, ಅಡಿಗೆಗಳಲ್ಲಿ ಹಂಚಿಹೋಗಿದೆ. ನಾಯಿಯನ್ನು ತರುವ ಮಾತು ಎದ್ದಾಗ ಮೊದಲು ಕೇಳಬೇಕಾದವಳು ಆಕೆಯೆಂದು ನಾವು ಸ್ಪಷ್ಟವಾಗಿ ಹೇಳಬಯಸುತ್ತೇವೆ. ಆಕೆ ಬೇಡವೆಂದರೆ ಅದು ನಿರ್ದಯೆಯಲ್ಲ. ಆ ಗಂಟೆ ದೊರೆಯದಿದ್ದರೆ ಆಗುವುದೇನೆಂಬುದು ಎಲ್ಲರಿಗೂ ತಿಳಿದದ್ದೇ: ಹಾಸಿಗೆ ಹರಿಯುತ್ತದೆ, ಬಾಗಿಲ ಕಟ್ಟಿಗೆ ಕೆರೆದುಹೋಗುತ್ತದೆ, ನೆರೆಯವರು ದೂರುತ್ತಾರೆ, ನಾಯಿಗೆ ಸರಪಳಿ ಬೀಳುತ್ತದೆ, ಸರಪಳಿ ಬಿದ್ದ ನಾಯಿ ಮತ್ತಷ್ಟು ಕೆರಳುತ್ತದೆ. ಕೊನೆಗೆ ಅದು ಎರಡನೆಯ ಸಲ ಆಶ್ರಯಧಾಮದ ಬಾಗಿಲಿಗೆ ಬರುತ್ತದೆ, ಇಲ್ಲವೆ ಹೆದ್ದಾರಿಯಲ್ಲಿ ಇಳಿಯುತ್ತದೆ. ಪ್ರಾಣಿಯನ್ನು ಹಸಿವು ನೀರಡಿಕೆಗಳಿಂದ ಬಳಲುವಂತೆ ತೊರೆಯುವುದು 1960ರ ಕಾಯದೆಯ ಪ್ರಕಾರ ಅಪರಾಧ. ಮೊದಲ ಸಲದ ದಂಡ ಮಾತ್ರ 10ರಿಂದ 50 ರೂಪಾಯಿ! ಇಷ್ಟು ಅಗ್ಗದ ಭಯವು ಯಾರನ್ನು ತಡೆದೀತು?

ಆದುದರಿಂದ ಬೇಟೆನಾಯಿಯನ್ನು ಯಾರೂ ತರಕೂಡದೆಂದು ನಮ್ಮ ವಾದವೆ? ಅಲ್ಲ. ಮುಂಜಾನೆ ಓಡುವ ಅಭ್ಯಾಸವುಳ್ಳ ತರುಣರು, ಅಂಗಳವುಳ್ಳವರು, ನಿವೃತ್ತರಾದರೂ ಕಾಲು ಗಟ್ಟಿಯಿರುವವರು ಅವಶ್ಯವಾಗಿ ತರಲಿ. ಅವರಿಗೂ ಮರಿಗಿಂತ ಆಶ್ರಯಧಾಮದ ಬೆಳೆದ ನಾಯಿಯೇ ಉಚಿತ. ಮರಿಯ ಸ್ವಭಾವವನ್ನು ಊಹಿಸಬೇಕು. ಬೆಳೆದ ನಾಯಿಯ ಸ್ವಭಾವ ಕಣ್ಣಮುಂದಿದೆ. ಬೆಕ್ಕನ್ನು ಅಟ್ಟುವುದೋ, ಮಕ್ಕಳನ್ನು ಸೈರಿಸುವುದೋ, ಒಂಟಿಯಾಗಿರಬಲ್ಲದೋ ಎಂಬುದನ್ನು ಅಲ್ಲಿಯ ಕೆಲಸಗಾರರು ಹೇಳಬಲ್ಲರು. ಹೊಸ ಮನೆಗೆ ಹೊಂದಿಕೊಳ್ಳಲು ಮೂರು ದಿನ, ಮೂರು ವಾರ, ಮೂರು ತಿಂಗಳೆಂಬ ಮೂರು ಮೆಟ್ಟಿಲುಗಳನ್ನು ಅವರು ಲೆಕ್ಕ ಹಾಕುತ್ತಾರೆ. ಮೊದಲ ವಾರದ ಮಂಕುತನವನ್ನು ಕಂಡು ಸಾಧುವೆಂದೂ, ಮೂರನೆಯ ವಾರದ ಪುಂಡಾಟವನ್ನು ಕಂಡು ದುಷ್ಟವೆಂದೂ ತೀರ್ಮಾನಿಸುವುದು ಅವಸರವಾದೀತು.

ಕಾಗದಕ್ಕೆ ಸಹಿ ಹಾಕುವ ಮೊದಲು ನಾಲ್ಕು ಭಾನುವಾರ ಮನೆಮಂದಿಯೆಲ್ಲ ಆಶ್ರಯಧಾಮಕ್ಕೆ ಹೋಗಿ, ಅನುಮತಿ ಪಡೆದು, ಆ ನಾಯಿಯನ್ನು ಒಂದು ಗಂಟೆ ನಡೆದಾಡಿಸಿ ಬರಲಿ. ನಾಲ್ಕನೆಯ ಭಾನುವಾರ ಮಗನು ಕರೆಯದೆ ತಾನೇ ಎದ್ದರೆ ತಂದೆ ಲೇಖನಿಯನ್ನು ತೆಗೆಯಬಹುದು.