ವೃತ್ತಿಗೆ ಮರಳುವ ಇಂಜಿನಿಯರರು ಮತ್ತು ನಮ್ಮ ಹೊಣೆ

ವಿದ್ಯೆಗಾಗಿ ಮಾಡಿದ ವೆಚ್ಚ ಎಂದೂ ವ್ಯರ್ಥವಾಗದೆಂದು ನಾವು ವಿದ್ಯಾರ್ಥಿಗಳಿಗೆ ಹೇಳುತ್ತ ಬಂದಿದ್ದೇವೆ. ಮಾತು ನಿಜವೇ. ಆದರೆ ಪಡೆದ ವಿದ್ಯೆ ಪ್ರಯೋಗಕ್ಕೆ ಬಾರದೆ, ಪದವಿಪತ್ರದ ರೂಪದಲ್ಲಿ ವರ್ಷಗಟ್ಟಲೆ ಪೆಟ್ಟಿಗೆಯ ತಳದಲ್ಲಿ ಉಳಿದರೆ ಆ ನಷ್ಟ ಒಬ್ಬರದಷ್ಟೇ ಅಲ್ಲ. ಅದು ಕಲಿಸಿದ ಗುರುಗಳದು, ಶುಲ್ಕ ತೆತ್ತ ತಾಯ್ತಂದೆಯರದು, ಶಾಲೆಗೆ ಕೊಠಡಿ ಕಟ್ಟಿಸಿಕೊಟ್ಟ ದಾನಿಗಳದು, ಒಟ್ಟಿನಲ್ಲಿ ಸಮಾಜದ್ದು. ಇಂಜಿನಿಯರಿಂಗ್ ಓದಿ, ಕೆಲವು ವರ್ಷ ದುಡಿದು, ಅನಂತರ ಮದುವೆ, ಮಗು, ಪತಿಯ ವರ್ಗಾವಣೆ, ಹಿರಿಯರ ಆರೈಕೆ ಮೊದಲಾದ ಕಾರಣಗಳಿಂದ ಊರು ಬದಲಿಸಿ ವೃತ್ತಿಯನ್ನು ನಿಲ್ಲಿಸಿದವರು ಇಂದು ನಮ್ಮ ನಡುವೆ ಅಲ್ಪಸಂಖ್ಯೆಯಲ್ಲಿಲ್ಲ. ಅವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಅವರು ಮತ್ತೆ ವೃತ್ತಿಗೆ ಮರಳುವ ಪ್ರಶ್ನೆಯನ್ನು ಅವರವರ ಮನೆಯ ಖಾಸಗಿ ವಿಷಯವೆಂದು ಬಿಟ್ಟುಬಿಡುವುದು ಸರಿಯಲ್ಲವೆಂಬುದೇ ಈ ಲೇಖನದ ಅಭಿಪ್ರಾಯ.

ಕರಾವಳಿಯ ಭಟ್ಕಳ, ಹೊನ್ನಾವರ, ಕುಮಟಾಗಳನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಈ ಮೂರು ತಾಲ್ಲೂಕುಗಳೂ ಬಹುಕಾಲದಿಂದ ತಮ್ಮ ಮಕ್ಕಳನ್ನು ಹೊರಗೆ ಕಳುಹಿಸುತ್ತ ಬಂದಿವೆ. ಭಟ್ಕಳದವರು ಕೊಲ್ಲಿ ದೇಶಗಳಿಗೆ, ಹೊನ್ನಾವರ ಕುಮಟಾಗಳವರು ಮುಂಬಯಿ ಬೆಂಗಳೂರುಗಳಿಗೆ ಹೋದರು. 1998ರಲ್ಲಿ ಕೊಂಕಣ ರೈಲ್ವೆ ಪೂರ್ಣವಾಗಿ ತೆರೆದ ಮೇಲೆ ಹೋಗಿಬರುವುದು ಇನ್ನೂ ಸುಲಭವಾಯಿತು. ಹೊನ್ನಾವರದ ಬಳಿ ಶರಾವತಿಯ ಮೇಲೆ ಆ ರೈಲ್ವೆಗಾಗಿ ಕಟ್ಟಿದ ಸೇತುವೆಯೇ ಎರಡು ಕಿಲೋಮೀಟರಿಗೂ ಮಿಗಿಲಾದುದು. ಹೋದವರಂತೆ ಬಂದವರೂ ಉಂಟು. ಬ್ಯಾಂಕಿನ ನೌಕರಿಗೆ, ಹೆದ್ದಾರಿಯ ಕಾಮಗಾರಿಗೆ, ವಿದ್ಯುತ್ ಕೇಂದ್ರಗಳಿಗೆ ವರ್ಗವಾಗಿ ಬಂದವರ ಸಂಗಡ ಓದಿದ ಗೃಹಿಣಿಯರೂ ಬಂದರು. ಇಲ್ಲಿ ವಿದ್ಯೆಯ ಕೊರತೆಯೆಂದು ಹೇಳುವಂತಿಲ್ಲ. ಭಟ್ಕಳದಲ್ಲಿ ಅಂಜುಮನ್ ಸಂಸ್ಥೆಯು 1980ರಲ್ಲಿಯೇ ಇಂಜಿನಿಯರಿಂಗ್ ಕಾಲೇಜನ್ನು ತೆರೆಯಿತು. ಕೊರತೆಯಿರುವುದು ಒಮ್ಮೆ ಹೊರಗೆ ನಿಂತವರನ್ನು ಮತ್ತೆ ಒಳಗೆ ಕರೆಯುವ ಬಾಗಿಲಿನದು.

ಮರಳಬಯಸುವವರ ಮುಂದೆ ಎರಡು ಬಗೆಯ ಅಡ್ಡಿಗಳಿವೆ. ಒಂದು ಕಲ್ಪಿತವಾದುದು, ಇನ್ನೊಂದು ನಿಜವಾದುದು. ಐದಾರು ವರ್ಷ ಮನೆಯಲ್ಲಿದ್ದವರು ಬುದ್ಧಿಯಲ್ಲಿಯೂ ಹಿಂದೆ ಬಿದ್ದಿರುತ್ತಾರೆಂಬ ನಂಬಿಕೆ ಕಲ್ಪಿತವಾದ ಅಡ್ಡಿ. ಗಣಿತ ಬಲ್ಲವರಿಗೆ ಗಣಿತ ಮರೆಯುವುದಿಲ್ಲ. ಸ್ವಲ್ಪ ಕಾಲದ ಅಭ್ಯಾಸದಿಂದ ಅದು ಮತ್ತೆ ಕೈಗೂಡುತ್ತದೆ. ಆದರೆ ನಿಜವಾದ ಅಡ್ಡಿಯನ್ನು ಮರೆಮಾಚುವುದೂ ಸಲ್ಲದು. ಇಂಜಿನಿಯರಿಂಗ್ ವಿದ್ಯೆಯ ನಿಯಮಗಳು ಕಾಲಕಾಲಕ್ಕೆ ಬದಲಾಗುತ್ತವೆ. ಕಾಂಕ್ರೀಟ್ ಕಟ್ಟಡಗಳ ಭಾರತೀಯ ಮಾನಕ ಐ.ಎಸ್. 456 ಎಂಬುದು 2000ದಲ್ಲಿ ಪರಿಷ್ಕೃತವಾಯಿತು. ಉಕ್ಕಿನ ರಚನೆಗಳ ಐ.ಎಸ್. 800 ಎಂಬುದು 2007ರಲ್ಲಿ ಲಿಮಿಟ್ ಸ್ಟೇಟ್ ಪದ್ಧತಿಗೆ ತಿರುಗಿತು. ಭೂಕಂಪಕ್ಕೆ ಸಂಬಂಧಿಸಿದ ಐ.ಎಸ್. 1893 ಎಂಬುದು 2002ರಲ್ಲಿಯೂ 2016ರಲ್ಲಿಯೂ ತಿದ್ದುಪಡಿ ಹೊಂದಿತು. ನಕ್ಷೆಯ ಹಲಗೆಯ ಸ್ಥಾನವನ್ನು ಕಂಪ್ಯೂಟರು ಆಕ್ರಮಿಸಿಕೊಂಡಿತು. ಈ ಬದಲಾವಣೆಗಳ ನಡುವೆ ವೃತ್ತಿ ಬಿಟ್ಟವರು ಅಷ್ಟನ್ನು ಕಲಿಯಲೇಬೇಕು. ಆದರೆ ಕಲಿಯಬೇಕಾದುದು ಇಷ್ಟೇ ಎಂದು ಅಳೆದು ಹೇಳಬಹುದಾದ ವಿಷಯವಿದು. ಅಳೆಯಬಹುದಾದ ಕೊರತೆಯನ್ನು ತುಂಬಲೂಬಹುದು. ಅದನ್ನು ಅಯೋಗ್ಯತೆಯೆಂದು ಕರೆಯುವುದು ಅನ್ಯಾಯ.

ಈ ಸಣ್ಣ ಊರುಗಳಲ್ಲಿ ಇಂಜಿನಿಯರರಿಗೆ ಏನು ಕೆಲಸ ಎಂದು ಕೇಳುವವರುಂಟು. ಕೆಲಸ ಕಣ್ಣೆದುರಿಗೇ ಇದೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ, ಉಪ್ಪಿನ ಗಾಳಿ ಬೀಸುವ ಈ ತೀರದಲ್ಲಿ ಚಿರೆಕಲ್ಲಿನ ಹಳೆಯ ಮನೆಗಳು ಹೋಗಿ ಕಾಂಕ್ರೀಟ್ ಮನೆಗಳು ಎದ್ದಿವೆ. ಕಡಲ ಪರಿಸರಕ್ಕೆ ಒಡ್ಡಿಕೊಂಡ ಕಬ್ಬಿಣದ ಸರಳಿನ ಕಾಂಕ್ರೀಟು ಎಂ 30 ದರ್ಜೆಗಿಂತ ಕಡಿಮೆಯಿರಬಾರದೆಂದು ಮಾನಕ ಹೇಳುತ್ತದೆ. ಸಮುದ್ರದ ತುಂತುರು ಬೀಳುವಲ್ಲಿ ಎಂ 35, ಉಬ್ಬರವಿಳಿತ ಮುಟ್ಟುವಲ್ಲಿ ಎಂ 40 ಬೇಕು. ಮನೆ ಕಟ್ಟಿಸುವ ಎಷ್ಟು ಜನರಿಗೆ ಇದನ್ನು ಹೇಳುವವರಿದ್ದಾರೆ? ಹೇಳುವವರಿಲ್ಲದೆಡೆ ಸರಳು ತುಕ್ಕು ಹಿಡಿದು ಉಬ್ಬಿ, ಸ್ಲ್ಯಾಬಿನ ಅಡಿಯ ಗಾರೆ ಉದುರತೊಡಗುತ್ತದೆ.

ಗುಡ್ಡಗಳ ಮಾತು ಇನ್ನೂ ಗಂಭೀರವಾದುದು. 2022ರ ಆಗಸ್ಟಿನಲ್ಲಿ ಭಟ್ಕಳದ ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ಒಂದೇ ಮನೆಯ ನಾಲ್ವರು ಮಡಿದರು. 2024ರ ಜುಲೈ 16ರಂದು ನೆರೆಯ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಜಾರಿ ಹಲವರು ಪ್ರಾಣ ತೆತ್ತರು. ಮಣ್ಣಿನ ಗುಣ, ನೀರಿನ ಹರಿವು, ಇಳಿಜಾರಿನ ಕೋನ ಇವುಗಳನ್ನು ಬಲ್ಲ ಕಣ್ಣುಗಳು ಪ್ರತಿ ಊರಿನಲ್ಲಿಯೂ ಇರಬೇಕಾದ ನಾಡಿದು. ಅಂಥ ಕಣ್ಣುಗಳಲ್ಲಿ ಕೆಲವಾದರೂ ಅದೇ ಊರಿನ ಮನೆಯೊಳಗೆ ಸುಮ್ಮನೆ ಕುಳಿತಿರುವುದು ವಿಷಾದದ ಸಂಗತಿ.

ಮನೆಯವರ ಬೆಂಬಲ ಏನನ್ನು ಸಾಧಿಸಬಲ್ಲದೆಂಬುದಕ್ಕೆ ಭಾರತದ ಮೊದಲ ಮಹಿಳಾ ಇಂಜಿನಿಯರುಗಳಲ್ಲಿ ಒಬ್ಬರಾದ ಎ. ಲಲಿತಾ ಅವರ ಜೀವನ ಸಾಕ್ಷಿ. 1919ರಲ್ಲಿ ಜನಿಸಿದ ಅವರು ಹದಿನೆಂಟರ ವಯಸ್ಸಿನಲ್ಲಿಯೇ ಎಳೆಗೂಸಿನೊಂದಿಗೆ ವಿಧವೆಯಾದರು. ತಂದೆ ಮದರಾಸಿನ ಗಿಂಡಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಪ್ರಾಧ್ಯಾಪಕರು. ಅವರು ಮಗಳನ್ನು ಅಲ್ಲಿಯೇ ವಿದ್ಯುತ್ ವಿಭಾಗಕ್ಕೆ ಸೇರಿಸಿದರು. ಮುಂದೆ ಲಲಿತಾ ಕೆಲಸಕ್ಕಾಗಿ ಕಲಕತ್ತೆಯನ್ನು ಆರಿಸಿಕೊಂಡಾಗ ಅಲ್ಲಿ ಸೋದರನ ಸಂಸಾರವಿತ್ತೆಂಬುದು ದೊಡ್ಡ ಆಸರೆಯಾಯಿತು. ಭಾಕ್ರಾ ನಂಗಲ್ ಯೋಜನೆಯ ವಿದ್ಯುತ್ ಕಾರ್ಯದಲ್ಲಿ ಅವರು ಪಾಲ್ಗೊಂಡರು. 1964ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಮಹಿಳಾ ಇಂಜಿನಿಯರ್ ಹಾಗೂ ವಿಜ್ಞಾನಿಗಳ ಮೊದಲ ಅಂತರರಾಷ್ಟ್ರೀಯ ಸಮ್ಮೇಳನಕ್ಕೂ ಹೋಗಿಬಂದರು. ಪ್ರತಿಭೆ ಅವರದು; ಆದರೆ ಮಗುವನ್ನು ನೋಡಿಕೊಂಡ ಕೈಗಳು ಮನೆಯವರವು.

ಸರ್ಕಾರವೂ ಉದ್ಯಮಗಳೂ ಕೈಕಟ್ಟಿ ಕುಳಿತಿವೆಯೆಂದು ಹೇಳಲಾಗದು. ವೃತ್ತಿಯಲ್ಲಿ ವಿರಾಮ ಪಡೆದ ಮಹಿಳೆಯರನ್ನು ಸಂಶೋಧನೆಗೆ ಮರಳಿ ತರಲೆಂದು ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ 2002-03ರಲ್ಲಿ ಮಹಿಳಾ ವಿಜ್ಞಾನಿ ಯೋಜನೆಯನ್ನು ಆರಂಭಿಸಿತು. ಟಾಟಾ ಸಮೂಹವು ಇದೇ ಉದ್ದೇಶದ ಕಾರ್ಯಕ್ರಮವೊಂದನ್ನು 2008ರಲ್ಲಿ ತೆರೆಯಿತು. 2017ರ ತಿದ್ದುಪಡಿ ಹೆರಿಗೆಯ ರಜೆಯನ್ನು 12 ವಾರಗಳಿಂದ 26 ವಾರಗಳಿಗೆ ಏರಿಸಿತು. ಐ.ಐ.ಟಿ.ಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಕೂಡಿ ಆರಂಭಿಸಿದ ಎನ್.ಪಿ.ಟಿ.ಇ.ಎಲ್. ಪಾಠಗಳನ್ನು ಮನೆಯಲ್ಲಿಯೇ ಕುಳಿತು ಕೇಳಬಹುದು. ಇವೆಲ್ಲ ಸ್ವಾಗತಾರ್ಹವೇ. ಆದರೆ ಉದ್ಯೋಗದ ಬಾಗಿಲುಗಳು ಬಹುಮಟ್ಟಿಗೆ ಮಹಾನಗರಗಳಲ್ಲಿವೆ. ಹೊನ್ನಾವರದಲ್ಲಿ ಶಾಲೆಗೆ ಹೋಗುವ ಮಗುವನ್ನೂ ಹಾಸಿಗೆ ಹಿಡಿದ ಅತ್ತೆಯನ್ನೂ ಬಿಟ್ಟು ಬೆಂಗಳೂರಿಗೆ ಹೋಗಿರೆಂದು ಯಾರಿಗೆ ಹೇಳಲು ಸಾಧ್ಯ?

ಹೊಸ ಪದವೀಧರರಿಗೇ ಕೆಲಸ ದೊರೆಯದಿರುವಾಗ ಬಿಟ್ಟುಹೋದವರ ಚಿಂತೆ ಏಕೆಂದು ಕೆಲವರು ಆಕ್ಷೇಪಿಸಬಹುದು. ಇದನ್ನು ಹಗುರವಾಗಿ ತಳ್ಳಿಹಾಕಲಾಗದು. ಆದರೆ ಅನುಭವಿಗಳಾದ ಇಂಜಿನಿಯರರು ಒಂದು ಊರಿನಲ್ಲಿ ಸಣ್ಣ ಕಚೇರಿಯನ್ನು ತೆರೆದರೆ ಅಲ್ಲಿ ಹೊಸಬರಿಗೂ ಕಲಿಯಲು ನೆಲೆ ದೊರೆಯುತ್ತದೆ. ಅವರು ಕಿರಿಯರ ಅನ್ನವನ್ನು ಕಸಿಯುವವರಲ್ಲ, ಕಿರಿಯರಿಗೆ ದಾರಿ ತೋರುವವರು.

ಆದುದರಿಂದ ಈ ಸಂಚಿಕೆಯ ವಾಚಕರಲ್ಲಿ ಕೆಲವು ವಿನಂತಿಗಳು. ಶಿಕ್ಷಕರು ತಮ್ಮ ಹಳೆಯ ವಿದ್ಯಾರ್ಥಿನಿಯರನ್ನು ಕಂಡಾಗ ಎಷ್ಟು ಮಕ್ಕಳೆಂದು ಕೇಳುವುದರ ಜೊತೆಗೆ ಕಲಿತ ವಿದ್ಯೆ ಏನಾಯಿತೆಂದೂ ವಿಚಾರಿಸಲಿ. ವಿಜ್ಞಾನದ ತರಗತಿಗೆ ಒಂದು ದಿನ ಅವರನ್ನು ಕರೆಸಿ ಮಾತನಾಡಿಸಲಿ. ಹಳೆಯ ವಿದ್ಯಾರ್ಥಿಗಳಲ್ಲಿ ಗುತ್ತಿಗೆದಾರರೂ ಕಚೇರಿಗಳ ಮುಖ್ಯಸ್ಥರೂ ಇದ್ದಾರೆ. ಅವರು ಆರು ತಿಂಗಳ ತರಬೇತಿಯ ಕೆಲಸವನ್ನು, ಸಾಧ್ಯವಾದರೆ ಅರ್ಧ ದಿನದ ಕೆಲಸವನ್ನು, ಸಂಬಳ ಕೊಟ್ಟು ಇಂಥವರಿಗೆ ಮೀಸಲಿಡಲಿ. ದಾನಿಗಳು ಕಟ್ಟಡಗಳಿಗೆ ಕೊಡುವ ಔದಾರ್ಯದ ಒಂದಂಶವನ್ನು ಮಾನಕಗ್ರಂಥಗಳು, ಕಂಪ್ಯೂಟರು, ಪರೀಕ್ಷಾಶುಲ್ಕ ಮತ್ತು ಒಂದು ಶಿಶುವಿಹಾರಕ್ಕೆ ತೆಗೆದಿಡಲಿ. ಮನೆಯ ಹಿರಿಯರು ದಿನಕ್ಕೆ ಎರಡು ಗಂಟೆಗಳ ಕಾಲ ಮಗುವನ್ನು ಎತ್ತಿಕೊಂಡರೆ ಅದೂ ಒಂದು ವಿದ್ಯಾದಾನವೇ.

ಹೆಣ್ಣುಮಕ್ಕಳನ್ನು ಓದಿಸಿರೆಂದು ಹೇಳುವ ಕಾಲವೊಂದಿತ್ತು. ಓದಿದವರಿಗೆ ವಿದ್ಯೆಯನ್ನು ಬಳಸುವ ಅವಕಾಶ ಕೊಡಿರೆಂದು ಹೇಳುವ ಕಾಲ ಈಗ ಬಂದಿದೆ. ಮೊದಲನೆಯ ಕರೆಗೆ ನಮ್ಮ ಹಿರಿಯರು ಓಗೊಟ್ಟರು. ಎರಡನೆಯದಕ್ಕೆ ನಾವು ಓಗೊಡುವಂತಾಗಲೆಂದು ಹಾರೈಸುತ್ತೇನೆ.